ಹಲ್ಲಿನ ಬಣ್ಣವೂ ಒಂದು ಗುಟ್ಟೂ

ಕಳೆದ ಚಳಿಗಾಲದಲ್ಲಿ ತಂಗಿಯ ಮಗಳು ದೆಹಲಿಗೆ, ನಮ್ಮ ಮನೆಗೆ ಬಂದಿದ್ದಳು. ನಮ್ಮದು ಪಾವಗಡದ ಕಡೆ. ಆ ಸೀಮೆಯ ಕೊಳವೆಬಾವಿ ನೀರು ಕುಡಿದು ಬೆಳೆದವರ ಹಲ್ಲು ಹೇಗಿರುತ್ತದೆಂದು ಬಲ್ಲವರೇ ಬಲ್ಲರು. ಹುಡುಗಿ ಲಕ್ಷಣವಾಗಿದ್ದಾಳೆ, ಬಿ.ಕಾಂ. ಮುಗಿಸಿದ್ದಾಳೆ, ಆದರೆ ಮುಂದಿನ ಹಲ್ಲುಗಳ ಮೇಲೆ ಕಂದು ಪಟ್ಟೆ. ನಗುವಾಗ ಕೈ ತಾನಾಗಿ ಬಾಯಿಗೆ ಹೋಗುತ್ತದೆ. ಒಂದು ಸಂಬಂಧ ಕುದುರುವಂತಿತ್ತು. ಗಂಡಿನ ಕಡೆಯವರು ನೋಡಿದ್ದು ತುಟಿ ಮುಚ್ಚಿದ ಫೋಟೋ ಮಾತ್ರ. ತಂಗಿ ಫೋನಿನಲ್ಲಿ, "ಅಣ್ಣಾ, ಅಲ್ಲಿ ಬೆಳಕು ಬಿಟ್ಟು ಹಲ್ಲು ಬೆಳ್ಳಗೆ ಮಾಡ್ತಾರಂತಲ್ಲ, ಮಾಡಿಸಿಬಿಡು. ಅವರಿಗೆ ಮಾತ್ರ ಗೊತ್ತಾಗೋದು ಬೇಡ" ಎಂದಳು.

ಆ ಕೊನೆಯ ಮಾತು ನನ್ನನ್ನು ಕೊರೆಯತೊಡಗಿತು. ಮಾಡಿಸುವುದು ತಪ್ಪಲ್ಲವಾದರೆ ಮುಚ್ಚಿಡುವುದೇಕೆ?

ದಂತವೈದ್ಯರು ವಿಷಯ ತಿಳಿಸಿದರು. ಹಲ್ಲಿಗೆ ಹೈಡ್ರೋಜನ್ ಪೆರಾಕ್ಸೈಡಿನ ಲೇಪ ಹಚ್ಚಿ ಮೇಲೆ ನೀಲಿ ಬೆಳಕು ಹಾಯಿಸುತ್ತಾರೆ. ಪೆರಾಕ್ಸೈಡು ಎನಾಮಲ್ಲಿನೊಳಕ್ಕೆ ಇಳಿದು, ಬಣ್ಣ ಕೊಡುವ ಉದ್ದನೆಯ ಅಣುಗಳನ್ನು ತುಂಡರಿಸುತ್ತದೆ. ಬಿ.ಎಸ್ಸಿ.ಯಲ್ಲಿ ಓದಿದ ರಸಾಯನಶಾಸ್ತ್ರ ಇಷ್ಟು ವರ್ಷಗಳ ಮೇಲೆ ಹೀಗೊಮ್ಮೆ ಉಪಯೋಗಕ್ಕೆ ಬಂತು! ಆದರೆ ಲೇಪ ಸಾಕಷ್ಟು ಪ್ರಬಲವಾಗಿದ್ದರೆ ಬೆಳಕಿನಿಂದ ಸಿಗುವ ಹೆಚ್ಚಿನ ಬಿಳುಪು ಅತ್ಯಲ್ಪವೆಂದೇ ಹಲವು ಪರಿಶೀಲನೆಗಳು ಹೇಳುತ್ತವೆ. ಕುರ್ಚಿಯಿಂದ ಏಳುವಾಗ ಕಾಣುವ ಹೊಳಪಿನಲ್ಲಿ ಒಂದಂಶ ಹಲ್ಲಿನ ತೇವ ಆರಿದ್ದರಿಂದ ಬಂದದ್ದು. ತೇವ ಮರಳಿದಂತೆ ಅದು ಇಳಿಯುತ್ತದೆ. ಕಡತವನ್ನೆಲ್ಲ ಗುಮಾಸ್ತ ತಯಾರಿಸಿ ಹೆಸರು ಸಾಹೇಬರಿಗೆ ಹೋದಂತೆ, ಕೆಲಸ ಲೇಪದ್ದು, ಕೀರ್ತಿ ದೀಪದ್ದು. ತೆಳುವಾದ ಕಂದು ಕಲೆ ತಿಳಿಯಾಗುವುದುಂಟು, ಬಿಳಿ ಮಚ್ಚೆಗಳು ಹೋಗುವುದಿಲ್ಲವೆಂದೂ ವೈದ್ಯರು ಎಚ್ಚರಿಸಿದರು.

ನಾನೂ ತಲೆಗೆ ಬಣ್ಣ ಹಚ್ಚುತ್ತೇನೆ. ಯಾರಿಗೂ ಸಾರಿಕೊಂಡು ಬಂದಿಲ್ಲ. ಹೆಣ್ಣೊಬ್ಬಳು ತನ್ನ ಅಲಂಕಾರದ ಲೆಕ್ಕವನ್ನೆಲ್ಲ ಗಂಡಿನ ಮನೆಗೆ ಒಪ್ಪಿಸಬೇಕಾಗಿಲ್ಲ ಎಂಬುದೇ ನನ್ನ ಅಭಿಪ್ರಾಯ. ಆದರೆ ಹೇಳದೆ ಇರುವುದು ಬೇರೆ, ತಿಳಿಯಬಾರದೆಂದು ಹವಣಿಸುವುದು ಬೇರೆ. ಈ ಕಲೆ ಕೊಳಕಿನದಲ್ಲ, ಬೇರು ರಕ್ತದಲ್ಲೂ ಇಲ್ಲ. ಅಮೆರಿಕದ ಕೊಲೊರಾಡೊ ಸ್ಪ್ರಿಂಗ್ಸ್‌ನಲ್ಲಿ ಇಂಥ ಹಲ್ಲುಗಳನ್ನು ಕಂಡ ದಂತವೈದ್ಯ ಫ್ರೆಡರಿಕ್ ಮೆಕೇ 1901ರಿಂದ ಅದರ ಬೆನ್ನು ಹತ್ತಿದರು. ಕಾರಣ ನೀರಿನ ಫ್ಲೋರೈಡೆಂದು ಗೊತ್ತಾದದ್ದು 1931ರಲ್ಲಿ. ವಸಡಿನೊಳಗೆ ಹಲ್ಲು ರೂಪುಗೊಳ್ಳುವ ಬಾಲ್ಯದಲ್ಲಿ, ಲೀಟರಿಗೆ 1.5 ಮಿಲಿಗ್ರಾಮಿಗೆ ಮೀರಿದ ನೀರು ಕುಡಿಯುತ್ತ ಬಂದರೆ ಇದರ ಭಯ ಹೆಚ್ಚು. ಮಗು ಮಾಡಿದ ತಪ್ಪೇನು? ನಾವೇ ಮುಚ್ಚಿಟ್ಟರೆ, ಅದೊಂದು ಕಳಂಕವೆನ್ನುವವರ ಮಾತಿಗೆ ನಾವೇ ರುಜು ಹಾಕಿದಂತಾಗುತ್ತದೆ. ನನ್ನ ಹಲ್ಲೂ ಅದೇ ನೀರಿನದು. ಗಂಡಸೆಂದು ನನ್ನ ಮದುವೆಯಲ್ಲಿ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ!

ಇದನ್ನೆಲ್ಲ ಹುಡುಗಿಯ ಮುಂದಿಟ್ಟೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಾಡಿಸ್ಕೋತೀನಿ ಮಾವ, ನನಗೇ ಆಸೆ ಇದೆ. ಆದರೆ ಅವರಿಗೆ ನಾನೇ ಹೇಳ್ತೀನಿ. ನಾಳೆ ಅವರು ಊರಿಗೆ ಬಂದರೆ ಅಮ್ಮನ ಹಲ್ಲು ನೋಡಲ್ವಾ?" ಎಂದಳು.

ದೀಪ ಬೇಡವೆಂದು, ಮನೆಯಲ್ಲೇ ರಾತ್ರಿ ಅಚ್ಚಿನಲ್ಲಿ ಲೇಪ ತುಂಬಿ ಹಾಕಿಕೊಳ್ಳುವ ಕ್ರಮವನ್ನೇ ಆರಿಸಿಕೊಂಡೆವು. ಮೂರು ವಾರಗಳಲ್ಲಿ ಕಂದು ಬಣ್ಣ ಬಹಳಷ್ಟು ತಿಳಿಯಾಯಿತು. ಹತ್ತಿರದಿಂದ ನೋಡಿದರೆ ಪಟ್ಟೆ ಈಗಲೂ ಕಾಣುತ್ತದೆ. ಅವಳು ಗಂಡಿನ ಅಕ್ಕನಿಗೆ ಫೋನು ಮಾಡಿ ನೀರಿನ ಕಥೆಯನ್ನೆಲ್ಲ ಹೇಳಿದಳು. ಅವರು ಬರುವ ತಿಂಗಳು ನೋಡಲು ಬರುತ್ತಾರಂತೆ. ತಂಗಿ ಮಾತ್ರ ನನ್ನೊಡನೆ ಇನ್ನೂ ಸರಿಯಾಗಿ ಮಾತನಾಡಿಲ್ಲ.