ಸದ್ದಿಲ್ಲದ ಜಲಪಾತ

ಹಾರುವ ಮೊದಲು ನಮ್ಮನ್ನೆಲ್ಲ ತೂಗಿದರು. ಹವಾಯಿಯ ಕೌವಾಯಿ ದ್ವೀಪದ ಲಿಹುಯೆಯಲ್ಲಿ ಹೆಲಿಕಾಪ್ಟರ್ ಹತ್ತುವವರು ಒಬ್ಬೊಬ್ಬರಾಗಿ ತೂಕದ ಯಂತ್ರದ ಮೇಲೆ ನಿಲ್ಲಬೇಕು. ಯಾರಿಗೆ ಕಿಟಕಿ, ಯಾರಿಗೆ ನಡುವಿನ ಜಾಗ ಎಂಬುದು ಭಾರದ ಲೆಕ್ಕದಲ್ಲಿ ತೀರ್ಮಾನವಾಗುತ್ತದೆ. ಗಾಢ ಬಣ್ಣದ ಬಟ್ಟೆ ತೊಟ್ಟು ಬನ್ನಿ ಎಂದು ಹಿಂದಿನ ದಿನವೇ ಹೇಳಿದ್ದರು; ಬಿಳಿ ಅಂಗಿಯಾದರೆ ಅದರ ಪ್ರತಿಬಿಂಬ ಕಿಟಕಿಯ ಗಾಜಿನಲ್ಲಿ ಮೂಡಿ ಹೊರಗಿನ ನೋಟ ಮಸುಕಾಗುತ್ತದೆ. ಕೊನೆಗೆ ಕಿವಿಗೆ ಹೆಡ್‌ಸೆಟ್ ಹಾಕಿದರು. ಅಲ್ಲಿಂದ ಮುಂದಿನ ಐವತ್ತು ನಿಮಿಷ ಕಣ್ಣು ಹೊರಗಿತ್ತು, ಕಿವಿ ಒಳಗಿತ್ತು.

ಕ್ಯಾಲಿಫೋರ್ನಿಯಾದಲ್ಲಿರುವ ಮಗಳು ನನ್ನನ್ನೂ ನನ್ನಾಕೆಯನ್ನೂ ಕರೆತಂದಿದ್ದಳು. “ಅಪ್ಪಾ, ಈ ದ್ವೀಪದ ಒಳಗಡೆ ಬಹಳಷ್ಟು ಕಡೆಗೆ ರಸ್ತೆನೇ ಇಲ್ಲ. ಮೇಲಿಂದ ನೋಡ್ಲಿಲ್ಲ ಅಂದ್ರೆ ಅರ್ಧಾನೂ ನೋಡಿದ ಹಾಗಲ್ಲ” ಎಂದಿದ್ದಳು. ಅವಳ ಮಾತು ನಿಜ. ಹವಾಯಿಯ ದೊಡ್ಡ ದ್ವೀಪಗಳಲ್ಲಿ ಕೌವಾಯಿಯೇ ಎಲ್ಲಕ್ಕಿಂತ ಹಳೆಯದು, ಸುಮಾರು 50 ಲಕ್ಷ ವರ್ಷದ್ದು. ಜ್ವಾಲಾಮುಖಿ ಕಟ್ಟಿದ ಗುಡ್ಡವನ್ನು ಅಷ್ಟು ಕಾಲದ ಮಳೆ ಕೊರೆದು ಕೊರೆದು ಕಣಿವೆ ಮಾಡಿದೆ. ಕಡಲ ಅಂಚಿನ ಹೆದ್ದಾರಿ ಕೂಡ ದ್ವೀಪವನ್ನು ಪೂರ್ತಿ ಸುತ್ತುವುದಿಲ್ಲ. ವಾಯವ್ಯದ ನಾ ಪಾಲಿ ಕರಾವಳಿಯ ಎರಡೂ ಬದಿಗೆ ಬಂದು ನಿಂತುಬಿಡುತ್ತದೆ.

ಹಾರಿದ ಸ್ವಲ್ಪ ಹೊತ್ತಿಗೆ ಮನವಾಯೊಪುನ ಜಲಪಾತ ಎದುರಾಯಿತು. ಎತ್ತರ ಸುಮಾರು 400 ಅಡಿ, ಸುತ್ತ ಹಸಿರು ಗೋಡೆ. 1993ರ ‘ಜುರಾಸಿಕ್ ಪಾರ್ಕ್’ ಚಿತ್ರದಲ್ಲಿ ಹೆಲಿಕಾಪ್ಟರ್ ಬಂದಿಳಿಯುವುದು ಇದರ ಬುಡದಲ್ಲೇ. ಪೈಲಟ್ ಅದನ್ನು ಹೇಳುತ್ತಿದ್ದರು. ನಾನು ಮಾತ್ರ ಬೇರೇನನ್ನೋ ಕಾಯುತ್ತಿದ್ದೆ. ಜೋಗದ ಸೀಮೆಯಲ್ಲಿ ಬೆಳೆದವನಿಗೆ ಜಲಪಾತ ಮೊದಲು ಬರುವುದು ಕಿವಿಗೆ. ಆಷಾಢದಲ್ಲಿ ಜೋಗಕ್ಕೆ ಹೋಗಿ ನಿಂತರೆ ಎದುರಿಗೆ ಮಂಜಿನ ಬಿಳಿ ಗೋಡೆ ಬಿಟ್ಟು ಏನೂ ಕಾಣುವುದಿಲ್ಲ. ಆದರೂ ಯಾರೂ ನಿರಾಶರಾಗಿ ಮರಳುವುದಿಲ್ಲ, ಎದೆಯೊಳಗೆ ನೀರು ಬೀಳುತ್ತಿರುತ್ತದೆ. ಇಲ್ಲಿ ಎಲ್ಲ ತಿರುವುಮುರುವು. ನೀರಿನ ಒಂದೊಂದು ಎಳೆಯೂ ಕಾಣುತ್ತಿದೆ, ಬಂಡೆಗೆ ಬಡಿದು ಹೊಗೆಯಾಗುವುದೂ ಕಾಣುತ್ತಿದೆ, ಸದ್ದಿಲ್ಲ. ಅಷ್ಟು ನೀರು ಮೂಕವಾಗಿ ಬೀಳುವುದನ್ನು ನಾನು ಹಿಂದೆಂದೂ ನೋಡಿರಲಿಲ್ಲ. ಅದು ಚೆಲುವಾಗಿತ್ತು. ಮನಸ್ಸಿಗೆ ಒಗ್ಗಲಿಲ್ಲ.

ವೈಮೆಯ ಕೆಂಪು ಕಮರಿ ದಾಟಿದೆವು. ಅದರಾಚೆ ನೆಲ ತಟಕ್ಕನೆ ಮುಗಿದು ನಾ ಪಾಲಿ ತೆರೆದುಕೊಂಡಿತು. ಕಡಲಿನಿಂದ ನೆಟ್ಟಗೆ ಎದ್ದ ಬಂಡೆಗಳು, ಕೆಲವೆಡೆ 4,000 ಅಡಿ. ಮಡಿಕೆ ಮಡಿಕೆಯಾಗಿ ಒಣಹಾಕಿದ ಹಸಿರು ಸೀರೆಯ ಹಾಗೆ. ನನ್ನಾಕೆ ನನ್ನ ಮುಂಗೈ ಹಿಡಿದುಕೊಂಡಳು. ಆ ಬಂಡೆಗಳ ನಡುವೆ ಕಲಲೌ ಎಂಬ ಕಣಿವೆಯಿದೆ. ನೆಲದ ಮೇಲೆ ಅಲ್ಲಿಗೆ ಹೋಗಲು ಇರುವುದು 18 ಕಿಲೋಮೀಟರ್‌ ಉದ್ದದ ಕಾಲುದಾರಿಯೊಂದೇ. ಹವಾಯಿಯ ಜನ ಅಲ್ಲಿ ಕಲ್ಲಿನ ಅಂಚು ಕಟ್ಟಿ ಕೆಸು ಬೆಳೆದು ಬಾಳಿದ್ದರು. ಮಲೆನಾಡಿನಲ್ಲಿ ಪತ್ರೊಡೆ ಮಾಡುವ ಕೆಸುವೇ ಅವರಿಗೆ ಅನ್ನ.

ಹೆಡ್‌ಸೆಟ್‌ನಲ್ಲಿ ಕಲಲೌ ಬಗ್ಗೆ ಬಂದದ್ದು ಸಿನಿಮಾಗಳ ಹೆಸರು. ಕೊಓಲೌ ಎಂಬವನ ಹೆಸರು ಬರಲಿಲ್ಲ. ಅವನು ದನ ಕಾಯುವ ಕುದುರೆ ಸವಾರ. ಕುಷ್ಠರೋಗ ತಗುಲಿತ್ತು. ಅಂಥವರನ್ನು ಮೊಲೊಕಾಯಿ ದ್ವೀಪಕ್ಕೆ ಸಾಗಿಸಬೇಕೆಂಬ ಕಾನೂನಿತ್ತು, ಹೆಂಡತಿ ಜೊತೆಗೆ ಬರುವಂತಿಲ್ಲ ಎಂದರು. ಅವನು ಒಪ್ಪದೆ ಹೆಂಡತಿ ಪಿಯಿಲಾನಿ ಮತ್ತು ಮಗನೊಡನೆ ಈ ಕಣಿವೆ ಹೊಕ್ಕ. 1893ರಲ್ಲಿ ಹಿಡಿಯಲು ಬಂದ ಅಧಿಕಾರಿ ಅವನ ಗುಂಡಿಗೆ ಬಲಿಯಾದ. ಆಮೇಲೆ ಫಿರಂಗಿ ಸಮೇತ ಸಿಪಾಯಿಗಳು ಬಂದರೂ ಅವನು ಸಿಗಲಿಲ್ಲ. ಮಗ ಅಲ್ಲೇ ತೀರಿಕೊಂಡ, ಗಂಡ ಅಲ್ಲೇ ತೀರಿಕೊಂಡ. ಗಂಡನನ್ನು ತಾನೇ ಮಣ್ಣುಮಾಡಿ ಪಿಯಿಲಾನಿ ಒಬ್ಬಳೇ ಬೆಟ್ಟ ಹತ್ತಿ ಹೊರಬಂದಳು. ಅವಳು ಹೇಳಿದ ಕಥೆ 1906ರಲ್ಲಿ ಹವಾಯಿ ಭಾಷೆಯಲ್ಲೇ ಅಚ್ಚಾಯಿತು. ಇಷ್ಟು ದೊಡ್ಡ ಪ್ರೀತಿಯ ಜಾಗದ ಮೇಲೆ ಹಾರುವಾಗ ಅದರ ಎರಡು ಮಾತು ಆಡಬೇಕಿತ್ತು ಎಂದು ಈಗಲೂ ಅನ್ನಿಸುತ್ತದೆ.

ಕೊನೆಯ ಭಾಗ ವೈಯಾಲೆಯಾಲೆ ಬೆಟ್ಟ. ಈಶಾನ್ಯದಿಂದ ವರ್ಷವಿಡೀ ಬೀಸುವ ವಾಣಿಜ್ಯ ಮಾರುತ ಕಡಲ ತೇವ ಹೊತ್ತು ತಂದು ಈ ಬೆಟ್ಟಕ್ಕೆ ಗುದ್ದಿ ಮೇಲೇರುತ್ತದೆ, ತಣಿದು ಸುರಿಯುತ್ತದೆ. ನಮ್ಮ ಆಗುಂಬೆಯ ಹಾಗೆ ಮುಂಗಾರು ಮುಗಿದರೆ ಮಳೆಗೆ ಬಿಡುವು ಎಂಬುದಿಲ್ಲ. ವರ್ಷಕ್ಕೆ 9,000 ಮಿಲಿಮೀಟರ್ ದಾಟುವ ಈ ಮಳೆಯಿಂದ ಬೆಟ್ಟದ ಒಳಗೋಡೆಯ ತುಂಬ ನೀರಿನ ಗೆರೆಗಳು ಇಳಿಯುತ್ತವಂತೆ. ನಾವು ಹೋದಾಗ ಮೋಡ ಬಾಗಿಲು ಹಾಕಿಕೊಂಡಿತ್ತು. ಪೈಲಟ್ ಅರೆಗಳಿಗೆ ನೋಡಿದರು, ಇವತ್ತು ಒಳಗೆ ಹೋಗಲಾಗದು ಎಂದು ಹೇಳಿ ತಿರುಗಿಸಿದರು. ಮಗಳ ಮುಖ ಸಪ್ಪಗಾಯಿತು. ನನಗೆ ಮಾತ್ರ ಆ ಮನುಷ್ಯನ ಮೇಲೆ ಗೌರವ ಹುಟ್ಟಿತು. 2019ರ ಡಿಸೆಂಬರ್ 26ರಂದು ಇದೇ ದ್ವೀಪದಲ್ಲಿ ಪ್ರವಾಸಿಗರ ಹೆಲಿಕಾಪ್ಟರ್ ಒಂದು ಬೆಟ್ಟಕ್ಕೆ ಬಡಿದು ಅದರಲ್ಲಿದ್ದ ಏಳು ಮಂದಿಯೂ ಸತ್ತರು. ಕಣ್ಣು ಕಾಣದಂತೆ ಹವೆ ಕೆಡುತ್ತಿದ್ದರೂ ಮುಂದೆ ಸಾಗಿದ್ದೇ ಕಾರಣ ಎಂದು ತನಿಖೆ ಹೇಳಿತು. ದುಡ್ಡು ಕೊಟ್ಟು ಕೂತವರ ಆಸೆಗೆ ಬಗ್ಗದೆ ತಿರುಗಿಸುವ ಕೈ ದೊಡ್ಡದು.

ಇಳಿಯುವ ದಾರಿಯಲ್ಲಿ ವೈಲುವಾ ನದಿ ಕಂಡಿತು. ಅದರ ದಡದ ಮರಗಳೊಳಗೆ ಎಲ್ಲೋ ಇರೈವನ್ ದೇವಸ್ಥಾನವಿದೆ ಎಂದು ಹುಡುಕಿದೆ, ಮೇಲಿಂದ ಸಿಗಲಿಲ್ಲ. ಹಿಂದಿನ ಬೆಳಿಗ್ಗೆ ಹೋಗಿ ಆ ಬಿಳಿ ಕಲ್ಲನ್ನು ಮುಟ್ಟಿ ಬಂದಿದ್ದೆವು. 1990ರಲ್ಲಿ ಬೆಂಗಳೂರಿನ ಬಳಿ ಕೆತ್ತನೆ ಶುರುವಾಗಿ, ಶಿಲ್ಪಿಗಳ ಕೈಯ ಉಳಿ ಸುತ್ತಿಗೆಯಲ್ಲೇ ರೂಪ ಪಡೆದು, ಹಡಗಿನಲ್ಲಿ ಸಾಗರ ದಾಟಿ ಬಂದ ಕಲ್ಲು ಅದು. ಪ್ರತಿಷ್ಠೆಯಾದದ್ದು 2023ರಲ್ಲಿ. ಆ ಕಂಬಗಳ ಮೇಲೆ ಕೈಯಿಟ್ಟಾಗ ಉಳಿಯ ಟಕ ಟಕ ಇನ್ನೂ ಒಳಗೆ ಇದೆಯೇನೋ ಅನ್ನಿಸಿತ್ತು.

ಮರುದಿನ ಕಾರಿನಲ್ಲಿ ಕೊಕೆಯೆ ಕಾಡಿಗೆ ಹೋದೆವು. ರಸ್ತೆ ಮುಗಿಯುವಲ್ಲಿಂದ ಅಲಕಾಯಿ ಎಂಬ ಎತ್ತರದ ಜೌಗುಕಾಡು ಹರಡಿಕೊಂಡಿದೆ. ಕೌವಾಯಿಯ ಓಓ ಹಕ್ಕಿಯ ದನಿ ಕೊನೆಯದಾಗಿ ಕೇಳಿದ್ದು ಅಲ್ಲೇ, 1987ರಲ್ಲಿ. ಹವಾಯಿಯಲ್ಲಿ ಮೊದಲು ಸೊಳ್ಳೆಯೇ ಇರಲಿಲ್ಲ. 19ನೇ ಶತಮಾನದ ಮೊದಲ ದಶಕಗಳಲ್ಲಿ ಹಡಗಿನೊಡನೆ ಬಂದ ಸೊಳ್ಳೆ ಹಕ್ಕಿಗಳಿಗೆ ಮಲೇರಿಯಾ ಹಬ್ಬಿಸಿತು. ಸೊಳ್ಳೆ ಏರಲಾರದ ತಂಪು ಎತ್ತರದಲ್ಲಷ್ಟೇ ಹಕ್ಕಿ ಉಳಿಯಿತು. ಈಗ ಭೂಮಿ ಬಿಸಿಯಾಗುತ್ತ ಸೊಳ್ಳೆಯೂ ಗುಡ್ಡ ಹತ್ತುತ್ತಿದೆ. ಇದರ ಮದ್ದಿಗೂ ಹೆಲಿಕಾಪ್ಟರೇ ಬೇಕಾಯಿತು. ಹವಾಯಿಯದೇ ಮಾವಿ ದ್ವೀಪದಲ್ಲಿ 2023ರಿಂದ ಕಾಡಿನ ಮೇಲೆ ಗಂಡು ಸೊಳ್ಳೆಗಳನ್ನು ಉದುರಿಸುತ್ತಿದ್ದಾರೆ. ಅವು ಕಚ್ಚುವುದಿಲ್ಲ, ಒಡಲಲ್ಲಿರುವ ಬ್ಯಾಕ್ಟೀರಿಯಾದಿಂದಾಗಿ ಅವುಗಳ ಜೊತೆ ಕೂಡಿದ ಹೆಣ್ಣಿನ ಮೊಟ್ಟೆ ಒಡೆಯುವುದಿಲ್ಲ. ಹಕ್ಕಿಗಾಗಿ ಆ ಯಂತ್ರ ಇನ್ನಷ್ಟು ಹಾರಲಿ ಎಂದು ಮನಸಾರೆ ಬಯಸುತ್ತೇನೆ. ನಮ್ಮಂಥವರಿಗಾಗಿ ಸ್ವಲ್ಪ ಕಡಿಮೆ ಹಾರಲಿ.

ಕಾಲುದಾರಿಯ ಪಕ್ಕ ಓಹಿಯ ಮರ ಕೆಂಪಗೆ ಹೂ ಬಿಟ್ಟಿತ್ತು. ನಮ್ಮ ನೇರಳೆಯ ಕುಟುಂಬದ್ದೇ ಮರ. ಅದರ ಮೇಲೆ ಹೂವಿನಷ್ಟೇ ಕೆಂಪಾದ ಅಪಪನೆ ಹಕ್ಕಿ ಕೂತು ಉಲಿಯುತ್ತಿತ್ತು. ಅಷ್ಟರಲ್ಲಿ ಕಣಿವೆಯ ಕಡೆಯಿಂದ ಪಟ ಪಟ ಸದ್ದು ಹತ್ತಿರವಾಯಿತು. ಹಕ್ಕಿಯ ಕೊಕ್ಕು ಆಡುತ್ತಲೇ ಇತ್ತು, ದನಿ ಮಾತ್ರ ನಮ್ಮವರೆಗೆ ಬರಲಿಲ್ಲ. ಮಗಳು ತಲೆಯೆತ್ತಿ ನೋಡಿ, “ನಿನ್ನೆ ಇಷ್ಟೊತ್ತಿಗೆ ನಾವೂ ಅಲ್ಲೇ ಇದ್ವಲ್ಲಪ್ಪಾ” ಎಂದಳು. ಮೂವರೂ ಸುಮ್ಮನೆ ನಿಂತೆವು. ಸದ್ದು ಗುಡ್ಡದಾಚೆ ಇಳಿದು ಅಡಗಲು ಬಹಳ ಹೊತ್ತು ಹಿಡಿಯಿತು. ಹಕ್ಕಿ ಅದೇ ಕೊಂಬೆಯಲ್ಲಿತ್ತು.