ರಥವೂ ಸಾರಥ್ಯವೂ

ಕಠೋಪನಿಷತ್ತಿನಲ್ಲಿ ರಥದ ಮಾತು ಎರಡು ಸಾರೆ ಬರುವದು. ಮೊದಲನೆಯ ಸಾರೆ ಯಮನು ನಚಿಕೇತನಿಗೆ ರಥ, ವಾದ್ಯ, ಸುಂದರಿಯರನ್ನು ತೋರಿಸಿ ಆಸೆ ಹುಟ್ಟಿಸಲು ಯತ್ನಿಸುವನು. ಬಾಲಕನು ಅವನ್ನೆಲ್ಲ ಬೇಡವೆನ್ನುವನು. ಎರಡನೆಯ ಸಾರೆ ಅದೇ ಯಮನು ಶರೀರವನ್ನು ರಥಕ್ಕೂ, ಬುದ್ಧಿಯನ್ನು ಸಾರಥಿಗೂ, ಮನಸ್ಸನ್ನು ಕಡಿವಾಣಕ್ಕೂ, ಇಂದ್ರಿಯಗಳನ್ನು ಕುದುರೆಗಳಿಗೂ ಹೋಲಿಸಿ ಉಪದೇಶಿಸುವನು. ಒಂದೆಡೆ ತ್ಯಾಜ್ಯವಾದ ವಸ್ತುವು ಇನ್ನೊಂದೆಡೆ ಸಂಯಮಕ್ಕೆ ದೃಷ್ಟಾಂತವಾದುದು ಹೇಗೆ? ಪಡೆಯತಕ್ಕ ರಥವು ಬೇರೆ, ನಡೆಯಿಸತಕ್ಕ ರಥವು ಬೇರೆ ಎಂಬುದೇ ಇದಕ್ಕೆ ಸಮಾಧಾನವಾಗಿ ತೋರುವದು. ಈ ಭೇದವನ್ನು ಹಿಡಿದು, ಹಳೆಯ ಯುರೋಪಿಯನ್ ಸ್ಪೋರ್ಟ್ಸ್ ಕಾರುಗಳ ಮೇಲೆ ಅನೇಕರಿಗಿರುವ ಮೋಹವನ್ನು ವಿಚಾರಿಸಬಹುದು.

ಪಡೆಯತಕ್ಕ ರಥಕ್ಕೆ ಉದಾಹರಣೆಯನ್ನು ದೂರ ಹುಡುಕಬೇಕಾಗಿಲ್ಲ. ಬೀದರ ಸೀಮೆಯು 1948ರ ವರೆಗೆ ನಿಜಾಮರ ಆಳಿಕೆಯಲ್ಲಿದ್ದಿತು. ಆರನೆಯ ನಿಜಾಮ ಮಹಬೂಬ ಅಲೀ ಖಾನರಿಗಾಗಿ ಇಂಗ್ಲಂಡದಲ್ಲಿ ಒಂದು ರೋಲ್ಸ್ ರಾಯ್ಸ್ ಸಿದ್ಧವಾಯಿತು. ಅದರ ಬಣ್ಣ ಹಳದಿ; ಹಿಂದಿನ ಪೀಠವು ಸಿಂಹಾಸನದಂತೆ ಎತ್ತರವಾದುದು. ಆದರೆ ನಿಜಾಮರು 1911ರಲ್ಲಿಯೇ ತೀರಿಕೊಂಡರು. ವಾಹನವು ಬಂದುದು 1912ರಲ್ಲಿ. ಮುಂದೆಯೂ ಅದು ಓಡಿದ ದೂರವು ಅತ್ಯಲ್ಪ. ಓಡುವದಕ್ಕಿಂತ ಮೆರೆಯುವದೇ ಅದರ ಉದ್ದೇಶವಾಗಿದ್ದಿತು.

ಇನ್ನು ನಡೆಯಿಸತಕ್ಕ ರಥ. ಜರ್ಮನಿಯ ಪೋರ್ಷೆ ಕಾರಖಾನೆಯವರು 1963ರಲ್ಲಿ ಫ್ರಾಂಕ್‌ಫರ್ಟದ ಪ್ರದರ್ಶನದಲ್ಲಿ ಒಂದು ಹೊಸ ಕಾರನ್ನು ತೋರಿಸಿದರು. ಅದಕ್ಕೆ ಮೊದಲು 901 ಎಂಬ ಹೆಸರಿದ್ದಿತು. ನಡುವೆ ಸೊನ್ನೆಯುಳ್ಳ ಮೂರಂಕಿಯ ಹೆಸರುಗಳು ತಮ್ಮವೆಂದು ಫ್ರಾನ್ಸಿನ ಪ್ಯೂಜೊ ಕಂಪನಿಯವರು ತಕರಾರು ಮಾಡಿದುದರಿಂದ ಅದು 911 ಆಯಿತು. ಅದರ ಯಂತ್ರಕ್ಕೆ ಆರು ಸಿಲಿಂಡರುಗಳು. ಬಲವು 130 ಅಶ್ವಶಕ್ತಿ. ತಂಪಾಗುವದು ಗಾಳಿಯಿಂದ, ನೀರಿನಿಂದಲ್ಲ. ಮುಖ್ಯವಾದ ಸಂಗತಿಯೆಂದರೆ, ಯಂತ್ರವು ಹಿಂದಿನ ಗಾಲಿಗಳಿಗೂ ಹಿಂದೆ ಇರುವದು.

ಇಂದಿನ ಕಾರುಗಳಲ್ಲಿ ಇದಕ್ಕಿಂತ ಹೆಚ್ಚಿನ ಬಲವೂ ಸುಖವೂ ದೊರೆಯುತ್ತವೆ. ಹೀಗಿರಲು ಶಬ್ದ ಮಾಡುವ ಈ ಹಳೆಯ ವಾಹನಕ್ಕೆ ಜನರು ಒಲಿಯುವದೇಕೆ? ಅದು ನಡೆಯಿಸುವವನಿಂದ ಏನನ್ನೋ ಕೇಳುವದು, ಅದಕ್ಕಾಗಿ. ಅದರ ಚುಕ್ಕಾಣಿಗೆ ಯಂತ್ರದ ಸಹಾಯವಿಲ್ಲ. ಹಾದಿಯ ಏರುಪೇರುಗಳು ನೇರವಾಗಿ ಅಂಗೈಗೆ ತಿಳಿಯುವವು. ವೇಗದಲ್ಲಿ ತಿರುವನ್ನು ಹೊಕ್ಕವನು ನಡುವೆ ಅಂಜಿ ಒಮ್ಮೆಲೇ ಕಾಲು ತೆಗೆದರೆ, ಭಾರವು ಮುಂದಕ್ಕೆ ಸರಿದು ಹಿಂದಿನ ಗಾಲಿಗಳ ಹಿಡಿತ ಸಡಿಲಾಗಿ, ಹಿಂಭಾಗವು ಹೊರಕ್ಕೆ ಬೀಸಿ ಹೋಗುವದು. ಈ ದೋಷವನ್ನು ತಗ್ಗಿಸಲು 1969ರ ಮಾದರಿಯಲ್ಲಿ ಮುಂದಿನ ಹಿಂದಿನ ಗಾಲಿಗಳ ಅಂತರವನ್ನು 57 ಮಿಲಿಮೀಟರು ಹೆಚ್ಚಿಸಿದರು. ಆದರೆ ಯಂತ್ರದ ಸ್ಥಾನವನ್ನು ಬದಲಿಸಲಿಲ್ಲ. ಆದುದರಿಂದ ತಿರುವಿನ ಮೊದಲೇ ವೇಗವನ್ನು ತಗ್ಗಿಸಿ, ಒಳಹೊಕ್ಕ ಮೇಲೆ ಸ್ಥಿರವಾಗಿರುವದೇ ಅದನ್ನು ನಡೆಯಿಸುವ ಕ್ರಮ. ವಿವೇಕವು ತಿರುವಿಗಿಂತ ಮೊದಲು ಬರಬೇಕು; ನಡುವೆ ಬಂದರೆ ಅದು ಭಯವೇ ಹೊರತು ವಿವೇಕವಲ್ಲ. ಯಮನು ಹೇಳಿದ ಸಾರಥಿಗೂ ಬೇಕಾದುದು ಇದೇ ಗುಣವಲ್ಲವೆ?

ಇಂಥ ಪ್ರೀತಿಯು ಬೀದರದವರಿಗೆ ಅಪರಿಚಿತವಾದುದಲ್ಲ. ಇಲ್ಲಿಯ ಬಿದರಿ ಕುಶಲಕರ್ಮಿಯು ಸತು ತಾಮ್ರಗಳ ಪಾತ್ರೆಯಲ್ಲಿ ಬೆಳ್ಳಿಯ ಎಳೆಗಳನ್ನು ಕೂಡಿಸಿ, ಕೋಟೆಯ ಮಣ್ಣಿನಿಂದ ತಿಕ್ಕಿ ಕಪ್ಪೇರಿಸುವನು. ನೀರು ಕುಡಿಯಲು ಮಣ್ಣಿನ ಪಾತ್ರೆಯೂ ಸಾಕಾಗುವದು. ಆದರೂ ಆ ಕೆಲಸವನ್ನು ವ್ಯರ್ಥವೆಂದು ಯಾರೂ ಅನ್ನುವದಿಲ್ಲ. ಬಗದಲದಿಂದ ಬೀದರದ ಪೇಟೆಗೆ ಬಂಡಿ ಹೊಡೆಯುವ ಒಕ್ಕಲಿಗನಿಗೆ ತನ್ನ ಎತ್ತುಗಳ ದಣಿವು ಹಗ್ಗದ ಎಳೆತದಿಂದಲೇ ತಿಳಿಯುವದು. ಕೈಯೂ ಸಾಧನವೂ ಹೀಗೆ ಒಂದಾದಾಗ ಹುಟ್ಟುವ ಸಂತೋಷವು ಮದವಲ್ಲ. ಅದು ಏಕಾಗ್ರತೆಯ ಫಲ.

ಆದರೆ ಇಲ್ಲಿಯೇ ಒಂದು ಆಕ್ಷೇಪವು ಏಳುವದು. ಬಿದರಿಯವನ ಉಳಿ ಜಾರಿದರೆ ಕೆಡುವದು ಒಂದು ಪಾತ್ರೆ ಮಾತ್ರ; ಸಾರಥಿಯ ಕೈ ಜಾರಿದರೆ? ಭಾರತದ ನಳೋಪಾಖ್ಯಾನದಲ್ಲಿ ಬಾಹುಕನ ವೇಷದ ನಳನು ಋತುಪರ್ಣನ ರಥವನ್ನು ಓಡಿಸುತ್ತಿರುವಾಗ ರಾಜನ ಉತ್ತರೀಯವು ಬಿದ್ದುಹೋಗುವದು. ರಥವನ್ನು ನಿಲ್ಲಿಸೆಂದು ರಾಜನು ಹೇಳುವಷ್ಟರಲ್ಲಿ ಅದು ಒಂದು ಯೋಜನ ಹಿಂದೆ ಉಳಿದಿರುವದು. ಬಿದ್ದುದು ಬಟ್ಟೆಯಾದುದರಿಂದ ಕಥೆಯು ಮುಂದೆ ಸಾಗಿತು. ಬಿದ್ದುದು ಒಂದು ಜೀವವಾಗಿದ್ದರೆ, ನಳನ ಅಶ್ವವಿದ್ಯೆಯು ಅದನ್ನು ಹಿಂದಕ್ಕೆ ತರಬಲ್ಲುದಾಗಿತ್ತೆ?

ಭಾಲ್ಕಿ, ಔರಾದಗಳ ಹಾದಿಗಳಲ್ಲಿ ಕಬ್ಬಿನ ಬಂಡಿಗಳಿರುವವು, ದನಕರುಗಳಿರುವವು, ಶಾಲೆಯಿಂದ ಮರಳುವ ಮಕ್ಕಳಿರುವರು. ಅವರಾರೂ ಆ ಸಂತೋಷವನ್ನು ಬೇಡಿದವರಲ್ಲ; ಅದರ ಬೆಲೆಯನ್ನು ಅವರ ಮೇಲೆ ಹೊರಿಸುವ ಅಧಿಕಾರವು ಯಾರಿಗೂ ಇಲ್ಲ. ವೇಗವನ್ನು ಪರೀಕ್ಷಿಸಬೇಕೆನ್ನುವವರಿಗೆ ಅದಕ್ಕಾಗಿಯೇ ಕಟ್ಟಿದ ಪಂದ್ಯದ ಮೈದಾನಗಳುಂಟು. ಸಾರ್ವಜನಿಕ ಹಾದಿಯಲ್ಲಿ, ಬಲವಿದ್ದೂ ಅದನ್ನು ಬಳಸದೆ ಮೆಲ್ಲಗೆ ಸಾಗುವದರಲ್ಲಿಯೇ ಕೌಶಲ್ಯದ ಪರೀಕ್ಷೆಯಿದೆ. ಹೀಗೆ ಸಾಗುವಾಗ ಯಾವನ ಸಂತೋಷವು ಕುಂದುವದೋ, ಅವನು ಪ್ರೀತಿಸಿದುದು ಸಾರಥ್ಯವನ್ನಲ್ಲ, ನೋಡುವವರ ಕಣ್ಣುಗಳನ್ನು. ಅವನ ರಥವೂ ನಿಜಾಮರ ಸಿಂಹಾಸನದಂಥದೇ.

ಹಳೆಯ ಕಾರನ್ನು ಪ್ರೀತಿಸುವವನನ್ನು ಆದುದರಿಂದ ಸುಮ್ಮನೆ ಹಳಿಯುವದು ಸಲ್ಲದು. ಹೊಗಳುವ ಮೊದಲು ಅವನು ತಿರುವಿನಲ್ಲಿ ಹೇಗೆ ವರ್ತಿಸುವನೆಂಬುದನ್ನು ನೋಡಬೇಕು. ಸ್ವಂತ ವಾಹನವಿಲ್ಲದೆಯೂ ಸಾರಥ್ಯವು ಸಾಧ್ಯ. ರಾತ್ರಿಯ ಮಳೆಯಲ್ಲಿ ಐವತ್ತು ಜನರನ್ನು ಕೂಡಿಸಿಕೊಂಡು ಔರಾದದಿಂದ ಬೀದರಕ್ಕೆ ಬಸ್ಸನ್ನು ತರುವ ಚಾಲಕನಲ್ಲಿ ಅದು ದಿನಾಲು ಕಾಣುವದು. ನಚಿಕೇತನು ಬೇಡವೆಂದುದು ರಥದ ಒಡೆತನವನ್ನು. ಸಾರಥ್ಯದ ಪಾಠವನ್ನು ಅವನು ಕೊನೆಯವರೆಗೂ ಕುಳಿತು ಕೇಳಿದನು.