ಸವಾರಿಯ ದಾರಿಯಲ್ಲೊಂದು ಮಳಿಗೆ

ದೊಡ್ಡ ತಂತ್ರಜ್ಞಾನ ಕಂಪನಿಯೊಂದು ಒಂದು ನಗರದಲ್ಲಿ ತನ್ನ ಪ್ರಧಾನ ಮಳಿಗೆಯನ್ನು, ಎಂದರೆ ಮಾರಾಟಕ್ಕಿಂತ ಹೆಚ್ಚಾಗಿ ತನ್ನ ಹೆಸರನ್ನೂ ವೈಭವವನ್ನೂ ಜನರ ಕಣ್ಣೆದುರು ನಿಲ್ಲಿಸುವುದಕ್ಕೆಂದೇ ಕಟ್ಟುವ, ವ್ಯಾಪಾರದ ಭಾಷೆಯಲ್ಲಿ ಫ್ಲ್ಯಾಗ್‌ಶಿಪ್ ಸ್ಟೋರ್ ಎನ್ನಿಸಿಕೊಳ್ಳುವ ಅಂಗಡಿಯನ್ನು, ಎಲ್ಲಿ ತೆರೆಯಬೇಕೆಂಬುದು ಮೇಲ್ನೋಟಕ್ಕೆ ಬಾಡಿಗೆ, ವಾಹನ ನಿಲುಗಡೆ ಮತ್ತು ಗಿರಾಕಿಗಳ ಲೆಕ್ಕಾಚಾರ. ಊರಿನವರೇ ಈ ಪ್ರಶ್ನೆಯನ್ನು ವಾದಕ್ಕೆ ಎತ್ತಿಕೊಂಡ ಕಡೆ ಆ ಲೆಕ್ಕಾಚಾರ ಹಿಂದೆ ಸರಿದು, ಊರಿನ ನಡುಭಾಗ ಯಾವುದಕ್ಕೆ ಸಲ್ಲತಕ್ಕದ್ದು, ಅಲ್ಲಿ ನಿಲ್ಲುವ ಯೋಗ್ಯತೆ ಯಾವ ವಸ್ತುವಿಗೆ ಬರುತ್ತದೆ, ಆ ಯೋಗ್ಯತೆಯನ್ನು ನಿರ್ಣಯಿಸುವವರು ಯಾರು ಎಂಬ ಹಳೆಯ ಪ್ರಶ್ನೆಗಳು ಮುಂದೆ ಬರುತ್ತವೆ. ಇವು ಅರ್ಥಶಾಸ್ತ್ರಕ್ಕೆ ಸೇರಿದಷ್ಟೇ ಧರ್ಮಶಾಸ್ತ್ರಕ್ಕೂ ಸೇರಿದ ಪ್ರಶ್ನೆಗಳು.

2025ರ ಸೆಪ್ಟೆಂಬರ್ 2ರಂದು ಆ್ಯಪಲ್ ಕಂಪನಿ ಕರ್ನಾಟಕದಲ್ಲಿ ತನ್ನ ಮೊದಲ ಸ್ವಂತ ಮಳಿಗೆಯನ್ನು ತೆರೆದಾಗ ಆರಿಸಿಕೊಂಡದ್ದು ಬೆಂಗಳೂರಿನ ಎಂ.ಜಿ. ರಸ್ತೆಯನ್ನಲ್ಲ, ಬಳ್ಳಾರಿ ರಸ್ತೆಯ ಒಂದು ಮಾಲನ್ನು. ಅದಕ್ಕಿಟ್ಟ ಹೆಸರು ಮಾತ್ರ ಹೆಬ್ಬಾಳದ್ದು. (ಮೈಸೂರಿಗೂ ಒಂದು ಹೆಬ್ಬಾಳವಿದೆ, ಇನ್ಫೋಸಿಸ್‌ನ ತರಬೇತಿ ಕೇಂದ್ರವೂ ಕೈಗಾರಿಕಾ ಪ್ರದೇಶವೂ ಅಲ್ಲಿವೆ, ಹೆಸರಿನ ಮಟ್ಟಿಗೆ ಕಂಪನಿಗೆ ಹೆಚ್ಚಿನ ಶ್ರಮವಿರಲಾರದು.) ಅಂಥದೇ ಮಳಿಗೆ ಮೈಸೂರಿಗೆ ಬರುವುದಾದರೆ ಊಹಿಸಬಹುದಾದ ಜಾಗಗಳು ಮೂರು: ದೇವರಾಜ ಮಾರುಕಟ್ಟೆಯನ್ನು ಅಪ್ಪಿಕೊಂಡಿರುವ ದೇವರಾಜ ಅರಸು ರಸ್ತೆ ಮತ್ತು ಸಯ್ಯಾಜಿರಾವ್ ರಸ್ತೆಗಳ ಹಳೆಯ ಪೇಟೆ, ನಜರ್‌ಬಾದಿನ ಹೈದರ್ ಅಲಿ ರಸ್ತೆಯ ಮಾಲ್, ಇಲ್ಲವೆ ಐ.ಟಿ. ನೌಕರರು ನೆಲೆಸಿರುವ ವಿಜಯನಗರ, ಹೆಬ್ಬಾಳದ ಕಡೆಯ ಹೊಸ ಬಡಾವಣೆಗಳು. ಎರಡನೆಯದನ್ನೋ ಮೂರನೆಯದನ್ನೋ ಆರಿಸಿದರೆ ಯಾರೂ ಹೆಚ್ಚು ಮಾತಾಡಲಾರರು. ವಾದ ಏಳುವುದು ಮೊದಲನೆಯ ಜಾಗಕ್ಕೆ, ಏಕೆಂದರೆ ವಿಜಯದಶಮಿಯ ದಿನ ಅರಮನೆಯಿಂದ ಹೊರಟ ಜಂಬೂಸವಾರಿ ಕೃಷ್ಣರಾಜ ವೃತ್ತವನ್ನು ದಾಟಿ ಬನ್ನಿಮಂಟಪದತ್ತ ಸುಮಾರು ಐದು ಕಿಲೋಮೀಟರ್ ಸಾಗುವುದು ಆ ಸಯ್ಯಾಜಿರಾವ್ ರಸ್ತೆಯ ಮೇಲೆಯೇ.

ಇಲ್ಲಿ ಮೊದಲು ಬಿಡಿಸಿಕೊಳ್ಳಬೇಕಾದ ಒಗಟೊಂದಿದೆ. ತನ್ನ ಸರಕನ್ನು ಮೊಬೈಲಿನ ಒಂದು ಒತ್ತಿನಿಂದ ಮಾರಬಲ್ಲ, ಮನೆ ಬಾಗಿಲಿಗೇ ತಲುಪಿಸಬಲ್ಲ ಕಂಪನಿಗೆ ಕಲ್ಲು ಗಾಜಿನ ಮನೆ ಏಕೆ ಬೇಕು? ಹನ್ನೆರಡನೆಯ ಶತಮಾನದ ಶರಣರು ಸ್ಥಾವರ ಮತ್ತು ಜಂಗಮಗಳ ನಡುವೆ, ಎಂದರೆ ನೆಟ್ಟು ನಿಂತದ್ದು ಮತ್ತು ನಡೆದಾಡುವುದರ ನಡುವೆ, ಎಳೆದ ಗೆರೆಯನ್ನು ಬಲ್ಲ ಕನ್ನಡಿಗನಿಗೆ ಇದು ವಿಚಿತ್ರವೆನ್ನಿಸುವುದಿಲ್ಲ: ಉಳ್ಳವರು ಮಾಡುವ ಕೆಲಸವೇ ಅದು. ಆದರೆ ಶರಣರ ಟೀಕೆಯನ್ನಷ್ಟೇ ಇಟ್ಟುಕೊಂಡು ಹೊರಟರೆ ಮೈಸೂರಿನ ದಸರೆಯೇ ಅರ್ಥವಾಗದೆ ಉಳಿಯುತ್ತದೆ. ದೇವಾಲಯದ ಕಟ್ಟಡ, ಪ್ರತಿಷ್ಠೆ ಮತ್ತು ಪೂಜೆಗಳ ವಿಧಿಯನ್ನು ಹೇಳುವ ಆಗಮಗಳು ಈ ಎರಡನ್ನೂ ಒಂದೇ ಗುಡಿಯೊಳಗೆ ಕೂಡಿಸಿದವು. ವೈಖಾನಸ ಆಗಮ ಒಂದೇ ದೇವರಿಗೆ ಐದು ಬೇರಗಳನ್ನು, ಎಂದರೆ ಮೂರ್ತಿಗಳನ್ನು, ವಿಧಿಸುತ್ತದೆ, ಅವುಗಳಲ್ಲಿ ಧ್ರುವಬೇರ ಗರ್ಭಗುಡಿಯಿಂದ ಕದಲುವುದಿಲ್ಲ, ಉತ್ಸವಬೇರ ಬೀದಿಗೆ ಇಳಿಯುತ್ತದೆ. ಗುಡಿಯೊಳಗೆ ಬರಲಾರದವರ, ಬರಗೊಡದವರ ಬಳಿಗೆ ದೇವರೇ ಹೋಗುವ ಏರ್ಪಾಟು ಉತ್ಸವದ್ದು ಎಂದು ಹೇಳುವುದುಂಟು. ಬರಗೊಡದಿದ್ದ ತಪ್ಪನ್ನು ಆ ಮಾತು ಮರೆಸುವಂತಿಲ್ಲವಾದರೂ, ಹಿಂದೆ ಅರಸರು ಕೂರುತ್ತಿದ್ದ, 750 ಕಿಲೋಗ್ರಾಂ ತೂಕದ ಚಿನ್ನದ ಅಂಬಾರಿಯಲ್ಲಿ ಇಂದು ಚಾಮುಂಡೇಶ್ವರಿಯ ಉತ್ಸವಮೂರ್ತಿ ಸಾಗುವಾಗ ಬೀದಿಯೇ ಗುಡಿಯ ಮುಂದುವರಿಕೆಯಾಗುತ್ತದೆ ಎಂಬುದಂತೂ ನಿಜ. ಕಂಪನಿ ಮಾಡಿಕೊಂಡದ್ದು ಇದರ ತಿರುವುಮುರುವು. ಅದರ ಸರಕು ಈಗಾಗಲೇ ಎಲ್ಲರ ಜೇಬಿನಲ್ಲಿ ನಡೆದಾಡುತ್ತಿರುವ ಉತ್ಸವಮೂರ್ತಿ. ಕೊರತೆಯಿರುವುದು ಧ್ರುವಬೇರದ್ದು, ಮತ್ತು ಅದನ್ನು ಇರಿಸಲು ಬೇಕಾದ ಗರ್ಭಗುಡಿಯದ್ದು.

ಯಂತ್ರಗಳ ಅಂಗಡಿ ಲೌಕಿಕವಾದದ್ದು, ಸವಾರಿಯ ದಾರಿ ಪವಿತ್ರವಾದದ್ದು, ಆದ್ದರಿಂದ ಇವೆರಡೂ ಕೂಡಬಾರದು ಎಂಬ ವಾದ ಸುಲಭವಾಗಿ ಒದಗಿ ಬರುತ್ತದೆ. ಮೈಸೂರಿನಲ್ಲಿ ಅದು ಒಂದು ದಿನವೂ ನಿಲ್ಲಲಾರದು. ಮಹಾನವಮಿಯ ಆಯುಧಪೂಜೆಯಲ್ಲಿ ಅರಮನೆಯ ಖಡ್ಗಕ್ಕೆ ಸಲ್ಲುವ ಅರಿಶಿನ ಕುಂಕುಮ ಗ್ಯಾರೇಜಿನ ಸ್ಪ್ಯಾನರಿಗೂ, ಆಟೋರಿಕ್ಷಾಕ್ಕೂ, ಕಚೇರಿಯ ಕಂಪ್ಯೂಟರಿಗೂ ಸಲ್ಲುತ್ತದೆ, ಅವುಗಳ ಮುಂದೆ ಬೂದುಗುಂಬಳ ಒಡೆಯುತ್ತದೆ; ಪಾಂಡವರು ಅಜ್ಞಾತವಾಸದಲ್ಲಿ ಆಯುಧಗಳನ್ನು ಬಚ್ಚಿಟ್ಟ ಶಮೀವೃಕ್ಷದ ಕಥೆಯೇ ಬನ್ನಿಪೂಜೆಯ ಹಿನ್ನೆಲೆ. ದುಡಿಮೆಯ ಸಲಕರಣೆಯಲ್ಲಿ ಶಕ್ತಿಯ ಸಾನ್ನಿಧ್ಯವನ್ನು ಕಾಣುವ ಈ ನೋಟಕ್ಕೆ ಕೈಫೋನು ಹೊರತಾಗಬೇಕಾದ ಕಾರಣವಿಲ್ಲ. ಇನ್ನೂ ಹತ್ತಿರದ ಪೂರ್ವನಿದರ್ಶನವೆಂದರೆ ದಸರಾ ವಸ್ತುಪ್ರದರ್ಶನ. ಹೊಸ ನೇಗಿಲನ್ನೂ ನೂಲುವ ಯಂತ್ರವನ್ನೂ ವಿದ್ಯುತ್ತಿನ ಚಮತ್ಕಾರವನ್ನೂ ಕೊಳ್ಳುವ ಹಂಗಿಲ್ಲದೆ ನೋಡಲು ಜನರನ್ನು ಕರೆದ ಆ ಏರ್ಪಾಟು ಒಡೆಯರ ಕಾಲದಿಂದ ಬಂದದ್ದು, ಇಂದೂ ದೊಡ್ಡಕೆರೆ ಮೈದಾನದಲ್ಲಿ ನಡೆಯುತ್ತಿದೆ. ಮುಟ್ಟಿ ನೋಡಿ, ಕೊಳ್ಳಲೇಬೇಕೆಂದಿಲ್ಲ ಎಂದು ಇಂದಿನ ಪ್ರಧಾನ ಮಳಿಗೆ ಹೇಳುವುದು ಹಳೆಯ ಮಾತು. ಮೈಸೂರಿನಲ್ಲಿ ಅದನ್ನು ಹಬ್ಬವೇ ಮೊದಲು ಹೇಳಿತ್ತು.

ಹಾಗಾದರೆ ನಡುಪೇಟೆಯನ್ನು ವ್ಯಾಪಾರದಿಂದ ಕಾಪಾಡಬೇಕೆನ್ನುವ ಮಾತಿಗೆ ಆಧಾರವೆಲ್ಲಿಯದು? ಅದರ ಅತ್ಯಂತ ಸ್ಪಷ್ಟ ಪ್ರತಿಪಾದನೆ ಗ್ರೀಕ್ ದಾರ್ಶನಿಕ ಅರಿಸ್ಟಾಟಲನ 'ಪಾಲಿಟಿಕ್ಸ್' ಗ್ರಂಥದ ಏಳನೆಯ ಭಾಗದಲ್ಲಿದೆ. ಆದರ್ಶ ನಗರಕ್ಕೆ ಎರಡು ಚೌಕಗಳಿರಬೇಕು ಎಂದು ಆತ ಹೇಳುತ್ತಾನೆ: ದೇವಾಲಯಗಳ ಸಮೀಪದ ಎತ್ತರದ ಜಾಗದ ಕೆಳಗೆ, ಯಾವ ಸರಕೂ ಮಾರಾಟವಾಗದ ಒಂದು ಮುಕ್ತ ಚೌಕ, ಅದರಿಂದ ಬೇರೆಯಾಗಿ, ಸಾಮಾನು ತರಲು ಸಾಗಿಸಲು ಅನುಕೂಲವಾದ ಕಡೆ, ಕೊಡುಕೊಳ್ಳುವ ಇನ್ನೊಂದು ಚೌಕ. ಇದು ಕೇಳುವುದಕ್ಕೆ ಹಿತವಾಗಿದೆ. ಆದರೆ ಆತನ ಮುಕ್ತ ಚೌಕಕ್ಕೆ ಅಧಿಕಾರಿಗಳು ಕರೆಯದ ಹೊರತು ಕುಶಲಕರ್ಮಿಯಾಗಲಿ ರೈತನಾಗಲಿ ಕಾಲಿಡುವಂತಿಲ್ಲ. ಸರಕನ್ನು ಹೊರಗಿಟ್ಟ ಕೈಯೇ ಸರಕು ಮಾಡಿದವನನ್ನೂ ಹೊರಗಿಡುತ್ತದೆ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಸಿಕ್ಕ ಹಸ್ತಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರ ಒಂದರ್ಥದಲ್ಲಿ ಹೆಚ್ಚು ಉದಾರವಾದದ್ದು. ಅದರ ಎರಡನೆಯ ಅಧಿಕರಣದಲ್ಲಿ, ಕೋಟೆಯೊಳಗಿನ ಊರನ್ನು ಹೇಗೆ ವಿಂಗಡಿಸಬೇಕೆಂದು ವಿವರಿಸುವ ದುರ್ಗನಿವೇಶ ಪ್ರಕರಣವು ನಗರಮಧ್ಯದಲ್ಲಿ ಶಿವನ ಗುಡಿಯ ಜೊತೆಗೆ ಸಂಪತ್ತಿನ ದೇವತೆಗಳಾದ ವೈಶ್ರವಣನಿಗೂ ಶ್ರೀದೇವಿಗೂ ಗುಡಿ ಕೊಡುತ್ತದೆ, ಗಂಧ, ಮಾಲೆ, ಧಾನ್ಯ ಮಾರುವವರಿಗೂ ಮುಖ್ಯ ಕುಶಲಕರ್ಮಿಗಳಿಗೂ ಕ್ಷತ್ರಿಯರ ಜೊತೆಯಲ್ಲೇ ಪೂರ್ವದಿಕ್ಕಿನಲ್ಲಿ ನೆಲೆ ಕೊಡುತ್ತದೆ. ಅಷ್ಟು ಮಾಡಿ, ಚಾಂಡಾಲರನ್ನೂ ಪಾಷಂಡರನ್ನೂ, ಎಂದರೆ ವೈದಿಕವಲ್ಲದ ಪಂಥದವರನ್ನೂ, ಸ್ಮಶಾನದ ಅಂಚಿಗೆ ಕಳುಹಿಸುತ್ತದೆ. ನಡುಭಾಗದ ಶುದ್ಧಿಯನ್ನು ಲೆಕ್ಕ ಹಾಕಿದವರೆಲ್ಲರೂ, ಅರ್ಥವನ್ನು ಪುರುಷಾರ್ಥವೆಂದು ಒಪ್ಪಿದವರೂ ಒಪ್ಪದವರೂ, ಕೊನೆಗೆ ಯಾರನ್ನೋ ಅಂಚಿಗೆ ತಳ್ಳಿಯೇ ಆ ಲೆಕ್ಕವನ್ನು ಮುಗಿಸಿದ್ದಾರೆ.

ಆದ್ದರಿಂದ ಒಂದು ಮಳಿಗೆ ಊರಿನ ನಡುವೆ ಇರಬಹುದೇ ಎಂಬುದನ್ನು ಅದು ಏನನ್ನು ಮಾರುತ್ತದೆ ಎಂಬುದರಿಂದ ತೀರ್ಮಾನಿಸಲಾಗದು. ಅದರ ಹೊಸ್ತಿಲನ್ನು ಯಾರು ದಾಟಬಲ್ಲರು, ಅದು ಬಂದದ್ದರಿಂದ ಯಾರು ಎದ್ದು ಹೋಗಬೇಕಾಯಿತು ಎಂಬುದರಿಂದ ತೀರ್ಮಾನಿಸಬೇಕು. ಹೊರದೇಶದ ಮೂರು ಪ್ರಸಂಗಗಳನ್ನು ಈ ಅಳತೆಯಿಂದ ನೋಡಬಹುದು. ಮೆಲ್ಬರ್ನ್ ನಗರದ ಫೆಡರೇಶನ್ ಚೌಕದಲ್ಲಿ ಆ್ಯಪಲ್ ಮಳಿಗೆ ಕಟ್ಟುವ ಯೋಜನೆಯನ್ನು 2017ರ ಡಿಸೆಂಬರಿನಲ್ಲಿ ಪ್ರಕಟಿಸಿದಾಗ ಅದಕ್ಕಾಗಿ ಕೆಡವಬೇಕಾಗಿದ್ದದ್ದು ಅಲ್ಲಿನ ಮೂಲನಿವಾಸಿಗಳ ಸಂಸ್ಕೃತಿಯನ್ನು ಕಾಪಿಡುವ ಕೂರಿ ಹೆರಿಟೇಜ್ ಟ್ರಸ್ಟ್ ಇದ್ದ ಕಟ್ಟಡವನ್ನು. ಊರಿನವರ ಪ್ರತಿಭಟನೆಯ ನಂತರ 2019ರ ಏಪ್ರಿಲಿನಲ್ಲಿ ಪರಂಪರೆ ಪ್ರಾಧಿಕಾರ ಅನುಮತಿ ನಿರಾಕರಿಸಿತು, ಕಂಪನಿ ಹಿಂದೆ ಸರಿಯಿತು. ಸ್ಟಾಕ್‌ಹೋಮಿನ ಅರಸೊತ್ತಿಗೆಯ ಉದ್ಯಾನದಲ್ಲೂ 2018ರಲ್ಲಿ ಹೀಗೆಯೇ ಆಯಿತು. ವಾಷಿಂಗ್ಟನ್ನಿನಲ್ಲಿ ಮಾತ್ರ 1903ರ ಕಾರ್ನೆಗಿ ಗ್ರಂಥಾಲಯದ ಕಟ್ಟಡವನ್ನು ಜೀರ್ಣೋದ್ಧಾರ ಮಾಡಿ 2019ರಲ್ಲಿ ಮಳಿಗೆ ತೆರೆದಾಗ, ಅಲ್ಲಿನ ಇತಿಹಾಸ ಸಂಘಕ್ಕೂ ಅದೇ ಕಟ್ಟಡದಲ್ಲಿ ಜಾಗ ಉಳಿಯಿತು. ಕರಿಯರಿಗೂ ಬಿಳಿಯರಿಗೂ ಭೇದವಿಲ್ಲದೆ ಬಾಗಿಲು ತೆರೆದಿದ್ದ ಗ್ರಂಥಾಲಯ ಅದು. ಆ ಬಾಗಿಲನ್ನು ಬಾಡಿಗೆಗೆ ಪಡೆದವರು ಅದರ ಹೊಣೆಯನ್ನೂ ಬಾಡಿಗೆಗೆ ಪಡೆದರೋ ಇಲ್ಲವೋ ಎಂಬುದು ಬೇರೆಯೇ ವಿಚಾರ.

ಗಾಜಿನ ಬಾಗಿಲಿಗೆ ಪ್ರವೇಶವಿಲ್ಲ ಎಂಬ ಫಲಕ ಬೇಕಾಗುವುದಿಲ್ಲ. ಸಮವಸ್ತ್ರದ ಕಾವಲುಗಾರ, ತಂಪು ಗಾಳಿ, ಹೊಳೆಯುವ ನೆಲ ಇಷ್ಟೇ ಸಾಕು, ಬರಿಗಾಲಿನವನು ತಾನಾಗಿಯೇ ಹೊರಗೆ ನಿಲ್ಲುತ್ತಾನೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ರೂಪ ತಳೆದ ದೇವರಾಜ ಮಾರುಕಟ್ಟೆಗೆ ಇಂಥ ಬಾಗಿಲೇ ಇಲ್ಲ. ಚಿಕ್ಕ ಗಡಿಯಾರದ ಕಡೆಯಿಂದ ಒಳಹೊಕ್ಕವನು ಏನನ್ನೂ ಕೊಳ್ಳದೆ ಧನ್ವಂತ್ರಿ ರಸ್ತೆಗೆ ಹೊರಬೀಳಬಹುದು; ನಡುವೆ ಮೈಸೂರು ಮಲ್ಲಿಗೆಯ ಕುಕ್ಕೆ, ಗೋಪುರದಂತೆ ಒಟ್ಟಿದ ಕುಂಕುಮ, ವೀಳ್ಯದೆಲೆಯ ಕಟ್ಟು, ನಂಜನಗೂಡು ರಸಬಾಳೆ, ಊದುಬತ್ತಿ. ಮನೆಯ ದೇವರಗೂಡಿಗೆ ಬೇಕಾದದ್ದೆಲ್ಲ ಅಲ್ಲಿ ಚೌಕಾಸಿಯಲ್ಲಿ ಸಿಗುತ್ತದೆ, ಕೊಳ್ಳುವವರ ಜಾತಿಯನ್ನು ಕೇಳುವವರಿಲ್ಲ, ಮಾರುವವರಲ್ಲಿ ಹಿಂದೂಗಳೂ ಮುಸ್ಲಿಮರೂ ಇದ್ದಾರೆ, ಮುಸ್ಲಿಮನ ಕೈಯಿಂದ ಕೊಂಡ ಹೂವು ನೇರ ಚಾಮುಂಡಿಯ ಮುಡಿಗೇರುತ್ತದೆ. ಎಷ್ಟೋ ಗುಡಿಗಳು ಮಾಡಲಾರದ ಕೆಲಸವನ್ನು ಈ ಸಂತೆ ಸದ್ದಿಲ್ಲದೆ ಮಾಡಿಕೊಂಡು ಬಂದಿದೆ. ನಡುಪೇಟೆಯ ಪಾವಿತ್ರ್ಯವೆಂಬುದೊಂದಿದ್ದರೆ ಅದನ್ನು ಹುಡುಕಬೇಕಾದದ್ದು ಇಲ್ಲಿಯೇ ಹೊರತು ಕಮಾನುಗಳ ಶಿಲ್ಪದಲ್ಲಲ್ಲ.

ಆದರೆ ಕಮಾನುಗಳು ಬೀಳುತ್ತಿವೆ. ವೈಸರಾಯ್ ಲ್ಯಾನ್ಸ್‌ಡೌನ್ ಭೇಟಿಯ ನೆನಪಿಗೆ ಕಟ್ಟಿದ, ಹಳೆಯ ಪುಸ್ತಕದಂಗಡಿಗಳಿಗೆ ಹೆಸರಾಗಿದ್ದ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರ ಆಗಸ್ಟಿನಲ್ಲಿ ಕುಸಿದು ನಾಲ್ವರು ಸತ್ತರು. 2016ರ ಆಗಸ್ಟ್ 28ರಂದು ದೇವರಾಜ ಮಾರುಕಟ್ಟೆಯ ಉತ್ತರ ದ್ವಾರದ ಕಡೆಯ ಭಾಗ ನೆಲಕ್ಕುರುಳಿತು. ಕೆಡವಿ ಅದೇ ಮಾದರಿಯಲ್ಲಿ ಮತ್ತೆ ಕಟ್ಟಬೇಕೆಂದು ಆಡಳಿತ, ಇರುವುದನ್ನೇ ಗಟ್ಟಿಗೊಳಿಸಬೇಕೆಂದು ಪರಂಪರೆ ತಜ್ಞರು ಮತ್ತು ರಾಜಮನೆತನ, ಹೀಗೆ ವಾದ ಹೈಕೋರ್ಟಿನವರೆಗೂ ಹೋಯಿತು. ಎರಡೂ ಪಕ್ಷಗಳು ಮಾತಾಡಿದ್ದು ಬಹುಪಾಲು ಗಾರೆ ಮತ್ತು ಇಟ್ಟಿಗೆಯ ಬಗ್ಗೆ. ಮತ್ತೆ ಕಟ್ಟಿದ ಮೇಲೆ ಒಳಗೆ ಯಾರು ಕೂರುತ್ತಾರೆ ಎಂಬ ಪ್ರಶ್ನೆ ಬಾಡಿಗೆಯ ವಿಷಯವೆಂದು ಬದಿಗೆ ಸರಿಯಿತು, ನಿಜವಾದ ಧರ್ಮಜಿಜ್ಞಾಸೆ ಇದ್ದದ್ದು ಅಲ್ಲೇ ಆದರೂ.

ಈ ವಿಷಯದಲ್ಲಿ ಆಗಮಗಳ ಜೀರ್ಣೋದ್ಧಾರ ವಿಧಿ ಆಡಳಿತಕ್ಕಿಂತ ಸೂಕ್ಷ್ಮವಾಗಿದೆ. ಶಿಥಿಲವಾದ ಗುಡಿಯನ್ನು ಬಿಚ್ಚುವುದು ಪಾಪವಲ್ಲ; ಅದಕ್ಕೆ ಮುಂಚೆ ಮೂರ್ತಿಯ ಶಕ್ತಿಯನ್ನು ಕಲಶದ ನೀರಿಗೆ ಆವಾಹಿಸಿ, ಬಾಲಾಲಯ ಎಂಬ ತಾತ್ಕಾಲಿಕ ಗುಡಿಯಲ್ಲಿ ನೆಲೆಗೊಳಿಸಿ, ಪೂಜೆ ತಪ್ಪದಂತೆ ನಡೆಸಿ, ಕೆಲಸ ಮುಗಿದ ಮೇಲೆ ಅದೇ ಶಕ್ತಿಯನ್ನು ಮರಳಿ ಪ್ರತಿಷ್ಠಾಪಿಸಬೇಕು. ಹೊಸ ಕಲ್ಲು ಬರಬಹುದು, ಬೇರೆ ದೇವರು ಬರುವಂತಿಲ್ಲ. ಈ ವಿಧಿಯನ್ನು ಮಾರುಕಟ್ಟೆಗೆ ಅನ್ವಯಿಸಿದರೆ, ಹೂವು ಹಣ್ಣಿನವರಿಗೆ ಹತ್ತಿರದಲ್ಲೇ ತಾತ್ಕಾಲಿಕ ನೆಲೆ ಕೊಟ್ಟು, ತಾಳಿಕೊಳ್ಳಬಲ್ಲ ಬಾಡಿಗೆಗೆ ಅವರನ್ನೇ ಮರಳಿ ಕೂರಿಸುವ ಪುನರ್ನಿರ್ಮಾಣವಷ್ಟೇ ಜೀರ್ಣೋದ್ಧಾರ. ಕಮಾನನ್ನು ಚಾಚೂ ತಪ್ಪದೆ ನಕಲು ಮಾಡಿ ಒಳಗೆ ಹೆಚ್ಚು ಬಾಡಿಗೆ ಕೊಡಬಲ್ಲ ಪ್ರಧಾನ ಮಳಿಗೆಯನ್ನು ಇಡುವುದು ಹಳೆಯ ಗುಡಿಯ ಗೋಡೆಯೊಳಗೆ ಬೇರೆ ದೇವರ ಪ್ರತಿಷ್ಠೆ.

ಇದಕ್ಕೆ ಒಂದು ಗಟ್ಟಿಯಾದ ಆಕ್ಷೇಪವಿದೆ. ಕಟ್ಟಡ ಪಾಲಿಕೆಯ ಆಸ್ತಿ, ಆಸ್ತಿಯುಳ್ಳವನು ಒಳ್ಳೆಯ ಬಾಡಿಗೆಯನ್ನು ಏಕೆ ಬಿಡಬೇಕು, ಆ ಹಣದಲ್ಲಿ ಊರಿನ ಚರಂಡಿ ದುರಸ್ತಿಯಾಗುವುದಿಲ್ಲವೆ ಎಂಬುದು. ಇಲ್ಲಿ ನೆರವಿಗೆ ಬರುವುದು ಭಾರತದ ನ್ಯಾಯಾಲಯಗಳು ದೇವಸ್ವಕ್ಕೆ, ಎಂದರೆ ದೇವರ ಹೆಸರಿನ ಆಸ್ತಿಗೆ, ಅನ್ವಯಿಸುತ್ತ ಬಂದಿರುವ ತತ್ತ್ವ. ದೇವರು ಕಾನೂನಿನ ಕಣ್ಣಿನಲ್ಲಿ ಆಸ್ತಿ ಹೊಂದಬಲ್ಲ ವ್ಯಕ್ತಿ, ಆದರೆ ಎಂದೂ ಪ್ರಾಪ್ತವಯಸ್ಕನಾಗದ ಬಾಲಕ. ಆ ಆಸ್ತಿಯನ್ನು ನೋಡಿಕೊಳ್ಳುವವನು ಒಡೆಯನಲ್ಲ, ಪಾಲಕ, ಅನಿವಾರ್ಯವಾದಾಗ ಅಥವಾ ದೇವಸ್ವಕ್ಕೇ ಹಿತವಾದಾಗ ಮಾತ್ರ ಅವನು ಅದನ್ನು ಪರಭಾರೆ ಮಾಡಬಲ್ಲ. ಊರಿನ ನಡುಭಾಗವೂ ತನ್ನ ಪರವಾಗಿ ತಾನೇ ಮಾತಾಡಲಾರದ ಇಂಥ ಒಡೆಯನೆಂದು ಭಾವಿಸುವುದಾದರೆ, ಪಾಲಿಕೆ ಕೇಳಬೇಕಾದ ಪ್ರಶ್ನೆ ಎಷ್ಟು ಬಾಡಿಗೆ ಬರುತ್ತದೆ ಎಂಬುದಲ್ಲ, ಆ ಬಾಡಿಗೆ ಹೂವಿನವರು ಅಲ್ಲೇ ಉಳಿಯುವುದಕ್ಕೆ ಒದಗುತ್ತದೆಯೇ ಎಂಬುದು. ಒದಗುವುದಾದರೆ, ಉದಾಹರಣೆಗೆ ದೇವರಾಜ ಅರಸು ರಸ್ತೆಯ ಖಾಲಿ ಕಟ್ಟಡವೊಂದರಲ್ಲಿ ಮಳಿಗೆ ತೆರೆದು ಅದರ ಬಾಡಿಗೆಯಿಂದ ಮಾರುಕಟ್ಟೆಯ ದುರಸ್ತಿ ನಡೆಯುವುದಾದರೆ, ಸವಾರಿಯ ದಾರಿಯ ಪಕ್ಕದಲ್ಲೇ ಕಂಪನಿಗೆ ಜಾಗ ಕೊಡುವುದರಲ್ಲಿ ಅಧರ್ಮವೇನೂ ಕಾಣುವುದಿಲ್ಲ. ಒದಗದಿದ್ದರೆ ಹೈದರ್ ಅಲಿ ರಸ್ತೆಯ ಮಾಲ್ ಹೇಗೂ ಇದೆ, ಅಲ್ಲಿ ವಾಹನ ನಿಲ್ಲಿಸಲು ಜಾಗವೂ ಧಾರಾಳವಾಗಿದೆ.